ಫ್ರಿಜ್ಜಿನೊಳಗೆ ಬೀಗದ ಕೈ

ಮೊನ್ನೆ ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದ ಹೆಂಡತಿ ಅಡುಗೆಮನೆಯಿಂದಲೇ ವರದಿ ಒಪ್ಪಿಸಿದಳು: "ನಿಮ್ಮ ಸ್ಕೂಟರಿನ ಬೀಗದ ಕೈ ಫ್ರಿಜ್ಜಿನೊಳಗೆ ಮೊಸರಿನ ಪಕ್ಕ ಮಲಗಿದೆ. ಹಾಲೂ ಮೊಸರಾಗೋ ದಾರಿ ಹಿಡಿದಿದೆ. ರಾತ್ರಿ ಮತ್ತೆ ಮೌನ ಹಿಡಿಯೋಕೆ ಕೂತಿದ್ರಾ?" ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದಿರುವುದರಿಂದ ಮಾತು ಇಷ್ಟಕ್ಕೇ ನಿಂತಿತು. ಹೊಸದರಲ್ಲಾಗಿದ್ದರೆ ತವರಿಗೆ ಫೋನು ಹೋಗುತ್ತಿತ್ತು.

ಸಾಕ್ಷ್ಯಚಿತ್ರ ತೆಗೆಯುವ ನಾವು ಯಾರ ಮನೆಗೆ ಹೋದರೂ ಮೊದಲ ಮಾತು ನಮಸ್ಕಾರ, ಎರಡನೆಯದು "ಫ್ಯಾನ್ ಆರಿಸ್ತೀರಾ?", ಮೂರನೆಯದು "ಫ್ರಿಜ್ ಒಂದರ್ಧ ಗಂಟೆ ಬಂದ್ ಮಾಡ್ಲಾ?" ಫ್ರಿಜ್ಜು ಎಂಬುದು ಜಗಳಗಂಟ ನೆಂಟನ ಹಾಗೆ. ಯಾವಾಗ ಗೊಣಗಲು ಶುರುಮಾಡುತ್ತದೆ, ಯಾವಾಗ ಒಮ್ಮೆ ಮೈ ನಡುಗಿಸಿ ಸುಮ್ಮನಾಗುತ್ತದೆ ಎಂದು ಯಾರೂ ಹೇಳಲಾರರು. ಅಜ್ಜಿಯೊಬ್ಬಳು ಐವತ್ತು ವರ್ಷದ ಹಿಂದಿನ ಗುಟ್ಟು ಬಿಚ್ಚುವ ಹೊತ್ತಿಗೇ ಅದಕ್ಕೆ ಮಾತು ಬರುತ್ತದೆ. ಅದನ್ನು ಬಂದ್ ಮಾಡುವುದು ಸುಲಭ, ಹೊರಡುವಾಗ ಮತ್ತೆ ಹಚ್ಚುವುದನ್ನು ನೆನಪಿಡುವುದು ಕಷ್ಟ. ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಹೀಗೆ ಮರೆತು ಬಂದು, ಅವರು ಮಗಳ ಬಾಣಂತನಕ್ಕೆಂದು ಕೂಡಿಟ್ಟಿದ್ದ ತುಪ್ಪ ಬೆಣ್ಣೆಗಳ ಗತಿ ಕೇಳಿದ ಮೇಲೆ, ಸೌಂಡಿನವರೆಲ್ಲ ಬಲ್ಲ ಹಳೆಯ ಉಪಾಯಕ್ಕೆ ನಾನೂ ಶರಣಾದೆ. ಫ್ರಿಜ್ಜು ಆರಿಸಿದ ಕೂಡಲೇ ಗಾಡಿಯ ಬೀಗದ ಕೈಯನ್ನು ಅದರೊಳಗಿಡುವುದು. ಹೊರಡುವಾಗ ಕೈ ಹುಡುಕಲೇಬೇಕು, ಹುಡುಕಿದರೆ ಫ್ರಿಜ್ಜು ತೆರೆಯಲೇಬೇಕು, ತೆರೆದರೆ ಒಳಗೆ ಕತ್ತಲು, ಆಗ ನೆನಪಾಗಲೇಬೇಕು. ಇಷ್ಟು ಚೆಲುವಾದ ತರ್ಕ ನನ್ನ ಬದುಕಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕಿರುವುದು ಒಂದೇ ದೋಷ: ಸ್ವಂತ ಮನೆಯಲ್ಲಿ ಅದು ನಡೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಕೆಲಸ ಮುಗಿಸಿದವನು ಸ್ಕೂಟರು ಹತ್ತಿ ಎಲ್ಲಿಗೆ ಹೋಗಬೇಕು? ಹೋಗಿ ಮಲಗಿಬಿಟ್ಟೆ.

ಸ್ವಂತ ಅಡುಗೆಮನೆಯ ಮೌನ ಹಿಡಿಯುವ ದುರ್ಗತಿ ಏಕೆ ಬಂತೆಂದರೆ, ಗುಳೇದಗುಡ್ಡದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಖಣ ನೇಯುವ ಅಜ್ಜರೊಬ್ಬರ ಮೇಲೆ ಹದಿನೆಂಟು ನಿಮಿಷದ ಚಿತ್ರ. ಅವರ ಕುಣಿಮಗ್ಗದ ಕೋಣೆಯಲ್ಲಿ ಎರಡು ದಿನ ಕೂತು ಎಲ್ಲ ಹಿಡಿದೆವು. ಲಾಳಿ ಹಿಡಿದೆವು, ಅಣಿ ಹಿಡಿದೆವು, ಅವರ ಮಾತು, ಮಾತಿನ ನಡುವಿನ ಎಲೆ ಅಡಿಕೆ, ಎಲ್ಲ. ಕೊನೆಯ ಸಂಜೆ ಕ್ಯಾಮೆರಾದ ಹುಡುಗ "ಸರ್ ಲೈಟ್ ಹೋಗ್ತಿದೆ, ಗುಡ್ಡದ ಮೇಲಿಂದ ಊರಿನ ಶಾಟ್ ಬೇಕೇ ಬೇಕು" ಎಂದು ಜೀವ ತಿಂದ. ಓಡಿದೆವು. ಕೋಣೆಯ ಬರೀ ಮೌನವನ್ನು, ನಮ್ಮ ಭಾಷೆಯಲ್ಲಿ ರೂಮ್ ಟೋನನ್ನು, ತೆಗೆದುಕೊಳ್ಳಲೇ ಇಲ್ಲ. ಗುಡ್ಡದ ಶಾಟು ಚಿತ್ರದಲ್ಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಎಡಿಟಿಂಗಿಗೆ ಕೂತಾಗ ಗ್ರಹಚಾರ ಬಿಡಿಸಿತು. ಅಜ್ಜ ಒಂದು ಮಾತು ಹೇಳುತ್ತಾರೆ, ನಡುವೆ ಕೆಮ್ಮು, ಆಮೇಲೆ ಉಳಿದರ್ಧ. ಕೆಮ್ಮು ಕತ್ತರಿಸಿದರೆ ಅಲ್ಲಿ ಎರಡು ಸೆಕೆಂಡಿನ ತೂತು. ತೂತಿಗೆ ಏನೂ ತುಂಬದೆ ಬಿಟ್ಟರೆ ಕೇಳುವವನಿಗೆ ಕಾಲ ಕೆಳಗಿನ ಹಲಗೆ ಜಾರಿದಂತಾಗುತ್ತದೆ. ಪ್ರೇಕ್ಷಕನಿಗೆ ಏನಾಯಿತೆಂದು ತಿಳಿಯುವುದಿಲ್ಲ, ಏನೋ ಆಯಿತೆಂದು ಮಾತ್ರ ತಿಳಿಯುತ್ತದೆ. ಯಾಕೆಂದರೆ ಶಬ್ದವಿಲ್ಲದಿರುವುದು ಮೌನವಲ್ಲ. ಪ್ರತಿಯೊಂದು ಕೋಣೆಗೂ ಅದರದೇ ಮೌನವಿದೆ, ಅದಕ್ಕೆ ಬಣ್ಣವಿದೆ, ತೂಕವಿದೆ. ಮಣ್ಣಿನ ಗೋಡೆಯದು ಒಂದು, ಸಿಮೆಂಟಿನದು ಒಂದು. ಕೋಣೆಯಿಂದ ನಾಲ್ಕು ಜನ ಎದ್ದು ಹೋದರೂ ಅದು ಬದಲಾಗುತ್ತದೆ, ಮನುಷ್ಯರ ಮೈ ಮತ್ತು ಬಟ್ಟೆ ಸದ್ದನ್ನು ಕುಡಿಯುತ್ತವೆ. ಆದ್ದರಿಂದಲೇ ಮೌನ ಹಿಡಿಯುವಾಗ ಯಾರೂ ಏಳಕೂಡದು, ಎಲ್ಲರೂ ಇದ್ದಲ್ಲೇ, ಉಸಿರು ಸಣ್ಣಗೆ. ಮೂವತ್ತು ಸೆಕೆಂಡು ಸಾಕೆನ್ನುತ್ತಾರೆ, ನಾನು ಅರವತ್ತು ತೆಗೆದುಕೊಳ್ಳುತ್ತೇನೆ. ಅರವತ್ತು ಸೆಕೆಂಡು ಸುಮ್ಮನಿರಲು ಯಾರಿಗೂ ಬರುವುದಿಲ್ಲ ಎನ್ನುವುದು ಈ ಕಸುಬಿನಲ್ಲಿ ನಾನು ಕಂಡುಕೊಂಡ ಸಾಮಾಜಿಕ ಸತ್ಯ. ಇಪ್ಪತ್ತನೇ ಸೆಕೆಂಡಿಗೆ ಒಬ್ಬರ ಹೊಟ್ಟೆ ಗುರುಗುಟ್ಟುತ್ತದೆ, ಮೂವತ್ತಕ್ಕೆ ಮಕ್ಕಳಿಗೆ ನಗು, ನಲವತ್ತೈದಕ್ಕೆ ಪಕ್ಕದ ಮನೆಯವರು ಬಂದು "ಏನು, ಯಾರಾದ್ರೂ ಹೋದ್ರಾ?" ಅನ್ನುತ್ತಾರೆ.

ಸರಿ, ಗುಳೇದಗುಡ್ಡದ ತೂತಿಗೆ ನನ್ನ ಅಡುಗೆಮನೆಯ ಮೌನವನ್ನು ತೇಪೆ ಹಾಕಿ ನೋಡಿದೆ. ಇಳಕಲ್ ಸೀರೆಗೆ ನೈಲಾನ್ ಸೆರಗು ಹೊಲಿದಂತಿತ್ತು. ಬೆಂಗಳೂರಿನ ಮೌನಕ್ಕೆ ಯಾವಾಗಲೂ ಸಣ್ಣಗೆ ಜ್ವರ ಇರುತ್ತದೆ. ರಾತ್ರಿ ಎರಡು ಗಂಟೆಗೂ ರಿಂಗ್ ರೋಡು ತಳದಲ್ಲಿ ಕಾಯುತ್ತಲೇ ಇರುತ್ತದೆ.

ನನ್ನ ಬಳಿ ಮೌನಗಳ ಒಂದು ಸಂಗ್ರಹವಿದೆ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ನನಗೆ ಇದು. ವಿಜಯಪುರದ ಗೋಳಗುಮ್ಮಟದ್ದು ಇದೆ. ಪಿಸುಮಾತಿನ ಗ್ಯಾಲರಿಯಲ್ಲಿ ಹಗಲೆಲ್ಲ ಜನ ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುತ್ತಿರುತ್ತಾರೆ, ಬಾಗಿಲು ತೆರೆದ ಕೂಡಲೇ ಮೊದಲಿಗನಾಗಿ ಹತ್ತಿದರೆ ಮಾತ್ರ ಸಿಗುತ್ತದೆ. ಸಿಕ್ಕಿದ್ದೂ ಪೂರ್ತಿ ಮೌನವಲ್ಲ. ನಾನು ತೋಳು ಆಡಿಸಿದ ಅಂಗಿಯ ಸರಪರ ಗುಮ್ಮಟ ಸುತ್ತಿ ನನಗೇ ವಾಪಸು ಬಂದಿದೆ. ಕೆಜಿಎಫ್‌ನ ಕಾರ್ಮಿಕರ ಸಾಲುಮನೆಯದೊಂದು ಇದೆ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನ ಪಾಳಿಯ ಸೈರನ್ನೂ ನಿಂತಿತು. ಆ ಸೈರನ್ನಿನ ಲೆಕ್ಕದಲ್ಲೇ ಬದುಕಿದ ಹಿರಿಯರೊಬ್ಬರು ಸಂದರ್ಶನದ ನಡುವೆ ಗಡಿಯಾರ ನೋಡಿ ಮಾತು ನಿಲ್ಲಿಸಿದರು. ಬರಬೇಕಾದ ಸದ್ದಿಗೆ ಜಾಗ ಬಿಟ್ಟರೇನೋ ಎಂದು ನನಗೆ ಅನಿಸಿತು. ಆ ಹನ್ನೊಂದು ಸೆಕೆಂಡು ನನ್ನ ಹಾರ್ಡ್ ಡಿಸ್ಕಿನಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಚಿಟ್ಟಿ ಇಡುವಾಗಿನ ಮೌನ ಇದೆ, ಅದರಲ್ಲಿ ಒಬ್ಬರೂ ಮಾತಾಡದಿದ್ದರೂ ಹತ್ತು ಜನ ಇದ್ದಾರೆಂದು ಗೊತ್ತಾಗುತ್ತದೆ. ಆಗುಂಬೆಯದು ಇಲ್ಲ. ನಾನು ಹೋದಾಗಲೆಲ್ಲ ಮಳೆ.

ಈಗ ಜಗಳಕ್ಕೆ ಬರುತ್ತೇನೆ. ಹಾಲು ಒಡೆದ ದಿನದ ಹಿಂದಿನ ಭಾನುವಾರ ಕಿರು ಸಾಕ್ಷ್ಯಚಿತ್ರಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಏಳು ಚಿತ್ರ. ಏಳರಲ್ಲಿ ಐದು ಕೊಳಲಿನಿಂದ ಶುರುವಾದವು. ಕತ್ತಲೆ, ಕೊಳಲು, ಡ್ರೋನು ಮೇಲೇರಿ ಮಂಜಿನ ಬೆಟ್ಟ, ಸೂರ್ಯ, ಆಮೇಲೆ ಒಬ್ಬ ಮುದುಕ ನಿಧಾನವಾಗಿ ಕತ್ತು ತಿರುಗಿಸಿ ಕ್ಯಾಮೆರಾ ನೋಡುವುದು. ನಂತರ ಕೈಗಳ ಕ್ಲೋಸಪ್ಪು. ಕರ್ನಾಟಕದ ಕಸುಬುದಾರರಿಗೆಲ್ಲ ಕೈಗಳು ಮಾತ್ರ ಇವೆ, ಸೊಸೈಟಿ ಸಾಲ ಇಲ್ಲ, ಸೊಸೆಯ ಜೊತೆ ಮನಸ್ತಾಪ ಇಲ್ಲ ಎಂದು ಹೊರಗಿನವರು ತಿಳಿದಾರು. ಆ ಕೊಳಲು ಎಲ್ಲಿಯದು? ಬಿದರಿಯವನೂ ಕೊಳಲೇ, ಚನ್ನಪಟ್ಟಣದ ಗೊಂಬೆಯವನೂ ಕೊಳಲೇ. ಬೀದರಿನಲ್ಲಿ ಬೆಳ್ಳಿತಂತಿಯನ್ನು ಸತುವಿನ ಹೂಜಿಗೆ ತಟ್ಟಿ ಕೂರಿಸುವ ಸುತ್ತಿಗೆಯ ಸದ್ದು ಎಷ್ಟು ಚೆಂದ! ತಂತಿ ಪೂರಾ ಕೂತಾಗ ಸದ್ದು ಬದಲಾಗುತ್ತದೆ, ಕುಶಲಿ ಕಿವಿಯಿಂದಲೇ ತಿಳಿದು ಕೈ ಮುಂದಕ್ಕೆ ಸರಿಸುತ್ತಾನೆ. ಕಪ್ಪು ಬರಿಸಲು ಕೋಟೆಯ ಹಳೆಯ ಮಣ್ಣು ಬೇಕು, ಮಣ್ಣು ಸರಿಯಿದೆಯೇ ಎಂದು ಅವರು ನಾಲಗೆಗೆ ಹಚ್ಚಿ ನೋಡುತ್ತಾರೆ. ನಾಲಗೆ ಚಪ್ಪರಿಸುವ ಆ ಸದ್ದು ಸಿಗಬೇಕಾದರೆ ಮೈಕು ಎಷ್ಟು ಹತ್ತಿರ ಹೋಗಬೇಕು, ಆತ ನಮ್ಮನ್ನು ಎಷ್ಟು ಮರೆತಿರಬೇಕು! ಚಿತ್ರ ತೆಗೆದವರು ಅದರ ಮೇಲೆ ಬಾನ್ಸುರಿ ಸುರಿದಿದ್ದರು.

ಐದನೆಯ ಚಿತ್ರದಲ್ಲಿ ತಾಯಿಯೊಬ್ಬಳು ತೀರಿಹೋದ ಮಗನ ಬಗ್ಗೆ ಹೇಳುತ್ತ ನಿಂತುಬಿಟ್ಟಳು. ಮುಂದಿನ ಶಬ್ದ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸಭಾಂಗಣದಲ್ಲಿ ಯಾರೂ ಅಲುಗಲಿಲ್ಲ. ಆಗ ಬಂತು, ಎಡಗಡೆಯ ಸ್ಪೀಕರಿನಿಂದ ಮೆಲ್ಲಗೆ, ವಯಲಿನ್. ನನಗೆ ಕಣ್ಣೀರು ಬರುವುದರಲ್ಲಿತ್ತು, ಸಿಟ್ಟು ಬಂತು. ಎಲ್ಲಿ ಅಳಬೇಕೆಂದು ನಮಗೆ ತಿಳಿಯುವುದಿಲ್ಲವೇ? ಸಾವಿನ ಮನೆಗೆ ಹೋದವರು ತಾಯಿಯ ಬಿಕ್ಕಿನ ನಡುವೆ ಮೊಬೈಲಿನಲ್ಲಿ ಶೋಕರಾಗ ಹಚ್ಚಿದರೆ ಹೊರಗೆ ಹಾಕುತ್ತಾರೋ ಇಲ್ಲವೋ? ಆಕೆ ಚಿತ್ರ ತೆಗೆದ ಹುಡುಗನನ್ನು ನಂಬಿ ತನ್ನ ಮೌನವನ್ನು ಕೊಟ್ಟಿದ್ದಳು. ಮಾತನ್ನು ಯಾರಿಗಾದರೂ ಕೊಡುತ್ತೇವೆ, ಮೌನವನ್ನು ಎಲ್ಲರೆದುರು ಕೊಡುವುದಿಲ್ಲ. ಅವನು ಅದನ್ನು ಖಾಲಿ ಸೈಟು ಎಂದು ತಿಳಿದು ಮನೆ ಕಟ್ಟಿದ್ದ.

ಚಹಾದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. ಒಳ್ಳೆಯ ಹುಡುಗ, ಬೇಜಾರು ಮಾಡಿಕೊಳ್ಳಲಿಲ್ಲ. "ಸರ್, ಎರಡು ಸೆಕೆಂಡ್ ಸುಮ್ನೆ ಬಿಟ್ರೆ ಜನ ಬೆರಳಲ್ಲಿ ಮೇಲಕ್ಕೆ ತಳ್ತಾರೆ" ಅಂದ. ಫೋನಿನಲ್ಲಿ ತಳ್ಳುತ್ತಾರೆ, ಒಪ್ಪಿದೆ. ಇಲ್ಲಿ ಕತ್ತಲಲ್ಲಿ ಕೂತ ನೂರಿಪ್ಪತ್ತು ಜನರ ಹತ್ತಿರ ಏನನ್ನು ತಳ್ಳುವ ಬೆರಳಿತ್ತು? ಅಷ್ಟಕ್ಕೆ ಬಿಡದೆ ಅವನು ನನ್ನ ಬುಡಕ್ಕೇ ಕೊಡಲಿ ಇಟ್ಟ. "ನೀವು ಯಾವಾಗಲೂ ಹೇಳೋ ಆ ಗಾಜಿನ ಚಿತ್ರದಲ್ಲಿ ಜಾಜ್ ಇದೆಯಲ್ಲ ಸರ್?"

ಇದೆ. ಬರ್ಟ್ ಹಾನ್‌ಸ್ಟ್ರಾ ಎಂಬ ಡಚ್ಚರವನು 1958ರಲ್ಲಿ ತೆಗೆದ 'ಗ್ಲಾಸ್', ಹನ್ನೊಂದು ನಿಮಿಷ ಚಿಲ್ಲರೆ. ಲೀರ್‌ಡಮ್ಮಿನ ಗಾಜಿನ ಕಾರ್ಖಾನೆಯವರು ತಮ್ಮ ಬಗ್ಗೆ ಒಂದು ಪ್ರಚಾರಚಿತ್ರ ಮಾಡಿಕೊಡೆಂದು ಕರೆದಿದ್ದರು. ಅದನ್ನು ಮಾಡಿಕೊಟ್ಟ, ಅದರ ಪಕ್ಕದಲ್ಲಿ ತನ್ನ ಖುಷಿಗೆ ಇದನ್ನೂ ಮಾಡಿದ. ಪ್ರಚಾರಚಿತ್ರವನ್ನು ಇಂದು ಯಾರು ನೋಡುತ್ತಾರೋ ಕಾಣೆ, ಇದಕ್ಕೆ 1960ರಲ್ಲಿ ಆಸ್ಕರ್ ಬಂತು. ಕೆನ್ನೆಯುಬ್ಬಿಸಿ ಗಾಜು ಊದುವವರು, ಅವರ ಉಸಿರಿಗೆ ಪಿಮ್ ಜೇಕಬ್ಸ್ ಬಳಗದ ಜಾಜ್. ಆಮೇಲೆ ಯಂತ್ರ. ಕತ್ತು ಮುರಿದ ಒಂದು ಬಾಟಲಿ ಸಾಲಿನಲ್ಲಿ ಸಿಕ್ಕಿಕೊಂಡರೆ ಹಿಂದಿನವೆಲ್ಲ ಬಂದು ಬಂದು ಬಿದ್ದು ಒಡೆಯುತ್ತವೆ, ಯಂತ್ರಕ್ಕೆ ಅದರ ಪರಿವೆಯೇ ಇಲ್ಲ, ಮನುಷ್ಯನ ಕೈಯೊಂದು ಬಂದು ಸರಿಪಡಿಸುವ ತನಕ. ಒಂದು ಶಬ್ದದ ವಿವರಣೆಯಿಲ್ಲ. ನಾನು ಮೊದಲು ನೋಡಿದಾಗ ಎದ್ದು ಚಪ್ಪಾಳೆ ಹೊಡೆದಿದ್ದೆ, ಕೋಣೆಯಲ್ಲಿ ಒಬ್ಬನೇ ಇದ್ದೆ. ಹರ್ಜ್ ಫ್ರಾಂಕನ 'ಟೆನ್ ಮಿನಿಟ್ಸ್ ಓಲ್ಡರ್' ನೋಡಿ, ಲಾಟ್ವಿಯಾದ್ದು, 1978ರದ್ದು. ಬೊಂಬೆಯಾಟ ನೋಡುತ್ತಿರುವ ಮಗುವಿನ ಮುಖ, ಹತ್ತು ನಿಮಿಷ ಒಂದೇ ಶಾಟು, ಆಟವನ್ನು ತೋರಿಸುವುದೇ ಇಲ್ಲ. ಅದರಲ್ಲೂ ಸಂಗೀತವಿದೆ. ಹಾಗಾದರೆ ನನ್ನ ವಾದವೇನಾಯಿತು? ಅಲ್ಲಿ ಸಂಗೀತ ಕೂಲಿ ಮಾಡಿ ಉಣ್ಣುತ್ತದೆ, ಇಲ್ಲಿ ಮದುವೆ ಮನೆಗೆ ಕರೆಯದೆ ಬಂದು ಮೊದಲ ಪಂಕ್ತಿಯಲ್ಲಿ ಕೂರುತ್ತದೆ ಎಂದು ಹೇಳಿದೆ. ಹುಡುಗ ನಕ್ಕ. ಉತ್ತರ ನನಗೂ ಪೂರ್ತಿ ಸಮಾಧಾನ ಕೊಡಲಿಲ್ಲ ಎಂದು ಅವನಿಗೆ ಹೇಳಲಿಲ್ಲ, ಬೋಂಡಾ ತಿಂದೆ.

ಹಾನ್‌ಸ್ಟ್ರಾನ ಕಥೆ ನಮ್ಮಂಥವರಿಗೆ ಸತ್ಯನಾರಾಯಣ ಕಥೆಯಷ್ಟೇ ಪಾರಾಯಣಯೋಗ್ಯ. ನಮ್ಮ ಹೊಟ್ಟೆ ತುಂಬುವುದು ಪ್ರಚಾರಚಿತ್ರದಿಂದಲೇ ತಾನೇ. ತೊಂಬತ್ತರ ದಶಕದ ಕೊನೆಯಲ್ಲಿ ಬೀಟಾಕ್ಯಾಮ್ ಕ್ಯಾಮೆರಾದ ಬ್ಯಾಟರಿ ಹೊರುವವನಾಗಿ ಸೇರಿ, ಹನಿ ನೀರಾವರಿ, ಹೊಗೆರಹಿತ ಒಲೆ, ಎರೆಗೊಬ್ಬರ ಎಲ್ಲವನ್ನೂ ಚಿತ್ರಿಸಿದ್ದೇನೆ. ಒಂದು ಇಲಾಖೆಯ ಸಾಹೇಬರು ಚಿತ್ರ ನೋಡುವಾಗ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ತಾವು ಎಷ್ಟು ಸೆಕೆಂಡು ಕಾಣಿಸಿಕೊಂಡೆವೆಂದು ಎಣಿಸಿದರು. ನಲವತ್ತಾರು. "ಎರೆಹುಳಕ್ಕೆ ಜಾಸ್ತಿ ಕೊಟ್ಟಿದ್ದೀರಿ" ಅಂದರು. ಹಣ ಮೂರು ಕಂತಿನಲ್ಲಿ ಬರಬೇಕು. ಮೂರನೇ ಕಂತು ಎಂಬುದು ಮೋಕ್ಷದ ಹಾಗೆ, ಉಂಟೆಂದು ನಂಬಿ ನಡೆಯಬೇಕು.

ಇನ್ನು ನೆಂಟರು. "ಶಾರ್ಟ್ ಫಿಲಮ್ಮಾ? ಹೀರೋ ಯಾರು?" ಎಂದು ಒಬ್ಬರು, "ದೊಡ್ಡ ಸಿನಿಮಾ ಯಾವಾಗ?" ಎಂದು ಇನ್ನೊಬ್ಬರು. ಚುಟುಕ ಬರೆಯುವವನನ್ನು ಮಹಾಕಾವ್ಯಕ್ಕೆ ತಾಲೀಮು ಮಾಡುತ್ತಿದ್ದೀಯಾ ಎಂದಂತೆ. ಎಸ್.ಎನ್.ಎಸ್. ಶಾಸ್ತ್ರಿ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿಗೆ 1968ರಲ್ಲಿ ಮಾಡಿದ ಒಂದು ಚಿತ್ರದ ಹೆಸರೇ 'ಅಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್'. ಹೆಸರಿನಲ್ಲಿ ಅರ್ಧ ಹೆಮ್ಮೆ, ಅರ್ಧ ಕ್ಷಮಾಪಣೆ ಕೇಳಿಸುವುದು ನನಗೊಬ್ಬನಿಗೇ ಇರಲಾರದು. ಅದರ ಹಿಂದಿನ ವರ್ಷ ಅವರೇ, 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ ದೇಶ ಹೇಗಿದೆಯೆಂದು ಕೇಳಿ 'ಐ ಆಮ್ 20' ಮಾಡಿದ್ದರು. ಸರ್ಕಾರದ ದುಡ್ಡಿನಲ್ಲಿ ಸರ್ಕಾರಕ್ಕೆ ಇರುಸುಮುರುಸಾಗುವ ಉತ್ತರಗಳನ್ನೂ ಉಳಿಸಿಕೊಂಡ ಜಾಣತನ ಅದು. ನಾವೋ ಆ ಕಾಲದ ಚಿತ್ರಗಳನ್ನು ನೋಡಿದ್ದು ಟಾಕೀಸಿನ ಹೊರಗಿನಿಂದ. ಥಿಯೇಟರಿನವರು ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು, ಜನ ಕಡ್ಡಾಯವಾಗಿ ಬೀಡಿ ಸೇದಲು ಹೋಗುತ್ತಿದ್ದರು. ಒಳಗಿಂದ ಆ ಗಂಭೀರ ಹಿನ್ನೆಲೆಧ್ವನಿ ನೆರೆ, ಬರ, ಅಣೆಕಟ್ಟು ಎಲ್ಲವನ್ನೂ ಒಂದೇ ಶ್ರುತಿಯಲ್ಲಿ ಓದುತ್ತಿತ್ತು. ಆ ಫಿಲ್ಮ್ಸ್ ಡಿವಿಷನ್ನನ್ನೂ 2022ರಲ್ಲಿ ಎನ್‌ಎಫ್‌ಡಿಸಿ ಎಂಬ ಚಲನಚಿತ್ರ ನಿಗಮದೊಳಗೆ ಸೇರಿಸಿಬಿಟ್ಟರು.

ಮರುವರ್ಷವೇ ನನ್ನ ಮರ್ಯಾದೆಗೆ ಸ್ವಲ್ಪ ಕಾಲ ಚೇತರಿಕೆ ಬಂದಿತ್ತು. ಕಾರ್ತಿಕಿ ಗೊನ್ಸಾಲ್ವಿಸ್ ಅವರ 'ದಿ ಎಲಿಫೆಂಟ್ ವಿಸ್ಪರರ್ಸ್' ಆಸ್ಕರ್ ಗೆದ್ದ ಬೆಳಿಗ್ಗೆ ಸೋದರಮಾವ ಫೋನು ಮಾಡಿ, "ನಮ್ಮ ಬಂಡೀಪುರ ದಾಟಿದ್ರೆ ಮುದುಮಲೈ. ಅಲ್ಲಿಗೆ ಹೋಗಿ ಆನೆ ತೆಗೆಯೋದು ಬಿಟ್ಟು ಎರೆಹುಳದ ಹಿಂದೆ ಬಿದ್ದೆಯಲ್ಲೋ!" ಎಂದು ಮರುಗಿದರು. ನಲವತ್ತು ನಿಮಿಷ ಮೀರದಿದ್ದರೆ ಅಲ್ಲಿ ಕಿರುಚಿತ್ರವೆಂದು ಲೆಕ್ಕ, ನನ್ನವೆಲ್ಲ ಅರ್ಹ ಎಂದೆ. ಅದೇ ಬಂಡೀಪುರದ ಸುತ್ತ ಕೃಪಾಕರ–ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದದ್ದನ್ನು ಅವರಿಗೆ ಹೇಳಬೇಕಿತ್ತು. ನಾಯಿ ಬರದ ದಿನಗಳನ್ನು ಕೂಡಿಸಿದರೆ ಎಷ್ಟಾದೀತು! ಕಾಯುವುದನ್ನು ಡ್ರೋನಿಗೆ ಯಾರೂ ಕಲಿಸಿಲ್ಲ, ಅದರ ಬ್ಯಾಟರಿ ಅರ್ಧ ಗಂಟೆಗೆ ಮುಗಿಯುತ್ತದೆ.

ನಾನೇನು ಸಾಚಾ ಅಲ್ಲ. 1922ರ 'ನ್ಯಾನೂಕ್' ಚಿತ್ರಕ್ಕೆ ಫ್ಲಾಹರ್ಟಿ ಬೆಳಕು ಸಾಲದೆಂದು ಅರ್ಧ ಇಗ್ಲೂ ಕಟ್ಟಿಸಿ ಬಯಲು ಚಳಿಯಲ್ಲೇ ನ್ಯಾನೂಕನ ಸಂಸಾರವನ್ನು ಮಲಗಿಸಿದನೆಂದು ನಾವೆಲ್ಲ ನಕ್ಕಿದ್ದುಂಟು. ಗುಳೇದಗುಡ್ಡದಲ್ಲಿ ಅಜ್ಜನನ್ನು ಮೂರು ಸಲ ಹೊರಗೆ ಕಳಿಸಿ ಬಾಗಿಲಿಂದ ಒಳಗೆ ಬರಲು ಹೇಳಿದವನು ನಾನೇ. ಮೂರನೇ ಸಲ ಬಂದವರು ಕ್ಯಾಮೆರಾಕ್ಕೆ ಕೈಮುಗಿದು, "ಮತ್ತ ಬಂದೀನಿ ನೋಡ್ರಿ" ಅಂದರು. ಚಿತ್ರದಲ್ಲಿ ಅದನ್ನೇ ಇಟ್ಟುಕೊಂಡಿದ್ದೇನೆ.

ಎಡಿಟರ್ ಹುಡುಗಿ ನನ್ನ ಗೋಳು ನೋಡಲಾರದೆ ಒಂದು ತಂತ್ರಾಂಶ ತೆರೆದಳು. ಮಾತುಗಳ ನಡುವಿನ ಅರ್ಧ ಸೆಕೆಂಡಿನ ಚೂರು ಕೊಟ್ಟರೆ ಅದನ್ನೇ ಅಭ್ಯಾಸ ಮಾಡಿ ಎಷ್ಟು ಬೇಕಾದರೂ ಮೌನ ತಯಾರಿಸುತ್ತದಂತೆ. ತಯಾರಿಸಿತು. ಚೆನ್ನಾಗಿಯೇ ಇತ್ತು. ಕೆಮ್ಮಿನ ತೂತು ಮಾಯ. "ಯಾರಿಗೂ ಗೊತ್ತಾಗಲ್ಲ ಸರ್" ಅಂದಳು. ನಿಜ, ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಸಲ ಕೇಳಿದೆ. ಐದನೇ ಸಲ ಕೇಳುವ ಹೊತ್ತಿಗೆ ನಾನು ಬಾಗಲಕೋಟೆಗೆ ರಾತ್ರಿ ಬಸ್ಸಿನ ಸೀಟು ಕಾದಿರಿಸಿ ಆಗಿತ್ತು. ಹೆಂಡತಿಗೆ ಹೇಳಿದ್ದು, "ಒಂದು ಸಣ್ಣ ಪ್ಯಾಚ್ ವರ್ಕ್" ಎಂದು. ಸುಳ್ಳಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಗುಳೇದಗುಡ್ಡ. ಅಜ್ಜ ಮಗ್ಗದಲ್ಲಿದ್ದರು. "ಏನ್ ಬಿಟ್ ಹೋಗಿದ್ರಿ?" ಅಂದರು, ಚಾರ್ಜರೋ ಟೋಪಿಯೋ ಹುಡುಕಿಕೊಡುವ ಸಿದ್ಧತೆಯಲ್ಲಿ. ಏನೂ ಇಲ್ಲ, ಒಂದು ನಿಮಿಷ ನೀವು ಸುಮ್ಮನೆ ಕೂರಬೇಕು ಎಂದೆ. "ಅಷ್ಟಕ್ಕ ಬೆಂಗಳೂರಿಂದ?" ಹೌದೆಂದೆ. ಅವರು ಮರು ಮಾತಾಡಲಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು, ಚಿತ್ರದಲ್ಲಿ ಕೂತಂತೆಯೇ ಕೂತರು. ಅವರ ಹೆಂಡತಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಗೋಡೆಗೆ ಒರಗಿದರು. ಈ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ, ಬೀಗದ ಕೈ ಜೇಬಿನಲ್ಲೇ ಉಳಿಯಿತು. ಮೈಕಿಗೆ ತುಪ್ಪಳದ ಟೋಪಿ ತೊಡಿಸಿ ಗುಂಡಿ ಒತ್ತಿದೆ.

ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಮಗ್ಗದ ಮೇಲೆ ನಿಂತಿತ್ತು. ಎಲ್ಲೋ ಎರಡು ಓಣಿಯಾಚೆ ಪವರ್‌ಲೂಮು, ಇದೆಯೋ ಇಲ್ಲವೋ ಎನ್ನುವಷ್ಟು. ಅರವತ್ತು ಸೆಕೆಂಡು ಕಳೆಯಿತು, ನಾನು ನಿಲ್ಲಿಸಲಿಲ್ಲ. ತೊಂಬತ್ತಾಯಿತು. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಸುಮ್ಮನಿದ್ದ ಇಬ್ಬರನ್ನು ನಾನು ಕಂಡಿರಲಿಲ್ಲ.

"ಆತ್ರೀ?" ಎಂದು ಕೊನೆಗೆ ಅವರೇ ಕೇಳಿದರು. ಆಯಿತೆಂದೆ. "ಏನ್ ಬಂತು, ನಾವೂ ಕೇಳಬಹುದೇನ್ರಿ?" ಹೆಡ್‌ಫೋನು ಕೊಟ್ಟೆ. ಕಿವಿಗೆ ಹಾಕಿಕೊಂಡು ಕಣ್ಣುಮುಚ್ಚಿ ಕೇಳಿದರು. ಅರ್ಧ ದಾರಿಯಲ್ಲಿ ಹುಬ್ಬು ಗಂಟಾಯಿತು. ತೆಗೆದು ನನ್ನ ಕೈಗಿಟ್ಟು, ಹೆಂಡತಿಯ ಕಡೆ ತಿರುಗಿ, "ಮಾಳಿಗಿ ಮ್ಯಾಲ ಇಲಿ ಐತಿ ನೋಡ" ಅಂದರು.

ನಾನು ಕೇಳಿದೆ. ಇರಲಿಲ್ಲ. ಹಿಂದಕ್ಕೆ ಹೋಗಿ ಧ್ವನಿ ಏರಿಸಿ ಮತ್ತೆ ಕೇಳಿದೆ. ನಲವತ್ತೆರಡನೇ ಸೆಕೆಂಡಿನಲ್ಲಿ, ಬಲಗಡೆ, ಇತ್ತು.